ಗುರಿ ಕೂಡಿಸುವ ವಿದ್ಯೆ

2021ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ಇಪ್ಪತ್ತೊಂದು ದಿನಗಳ ಕಾಲ, ಗೂಡಲೂರು ಮತ್ತು ಮಸಿನಗುಡಿಯ ಸುತ್ತಲಿನ ಜನ ಒಂದು ಹುಲಿಯ ಭಯದಲ್ಲಿಯೇ ದನ ಮೇಯಿಸಿದರು, ಭಯದಲ್ಲಿಯೇ ಚಹಾ ತೋಟದ ಕೆಲಸಕ್ಕೆ ಹೋಗಿ ಬಂದರು. ಅರಣ್ಯ ಇಲಾಖೆಯ ದಾಖಲೆಯಲ್ಲಿ ಅದರ ಹೆಸರು ಎಂಡಿಟಿ-23. ನಾಲ್ವರನ್ನು ಅದು ಕೊಂದಿತ್ತೆಂದು ಗುರುತಿಸಲಾಗಿತ್ತು. ಮೊದಲು ಅದನ್ನು ಬೇಟೆಯಾಡಲು ಆದೇಶ ಹೊರಟಿತು. ಬಳಿಕ, ಅದನ್ನು ಕೂಡಲೇ ಕೊಲ್ಲಬಾರದು, ಹಿಡಿಯಲು ಯತ್ನಿಸಬೇಕು ಎಂದು ಮದರಾಸು ಉಚ್ಚ ನ್ಯಾಯಾಲಯ ಸೂಚಿಸಿತು. ಅಕ್ಟೋಬರ್ 14ರ ರಾತ್ರಿ ಹುಲಿಗೆ ಅರಿವಳಿಕೆಯ ಡಾರ್ಟ್ ಹಾರಿಸಲಾಯಿತು. ಆದರೂ ಅದು ಕತ್ತಲಲ್ಲಿ ತಪ್ಪಿಸಿಕೊಂಡಿತು. ಮರುದಿನ ಮಸಿನಗುಡಿಯ ಬಳಿ ಮತ್ತೆ ಪತ್ತೆಯಾಗಿ, ಕೊನೆಗೂ ಜೀವಸಹಿತ ಸೆರೆ ಸಿಕ್ಕು, ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿತು.

ಆ ದಿನಗಳಲ್ಲಿ ಕುಮ್ಕಿ ಆನೆಗಳ ಬಗ್ಗೆ, ಡ್ರೋನುಗಳ ಬಗ್ಗೆ, ಹೆಜ್ಜೆ ಗುರುತು ಹಿಡಿದು ನಡೆದ ಕಾಡುನಿವಾಸಿ ಜಾಡುಗಾರರ ಬಗ್ಗೆ ಬಹಳಷ್ಟು ಚರ್ಚೆಯಾಯಿತು. ಇಷ್ಟೆಲ್ಲ ಶ್ರಮ ಕೊನೆಗೆ ಬಂದು ನಿಲ್ಲುವುದು ಒಂದು ಸಣ್ಣ ಪ್ರಶ್ನೆಯ ಮೇಲೆ: ಪಶುವೈದ್ಯರ ಕೈಯಲ್ಲಿರುವ ಕೋವಿಯ ಮೇಲಿನ ದೂರದರ್ಶಕ ತೋರಿಸುವ ಜಾಗಕ್ಕೇ ಸೂಜಿ ಹೋಗಿ ನಾಟುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು ಕಾಡಿನಲ್ಲಿ ಅಲ್ಲ. ಹಿಂದಿನ ದಿನಗಳಲ್ಲಿ, ಬಯಲಿನಲ್ಲಿ, ಕಾಗದದ ಗುರಿಯ ಮುಂದೆ, ತಿರುಪುಳಿ ಹಿಡಿದು ಕುಳಿತವರ ತಾಳ್ಮೆಯಲ್ಲಿ. ಗಾಳಿಕೋವಿಗೆ ಸ್ಕೋಪ್ ಹೊಂದಿಸುವ ಈ ಕೆಲಸದಲ್ಲಿ ಹತ್ತನೆಯ ತರಗತಿಯ ಭೌತಶಾಸ್ತ್ರ, ರೇಖಾಗಣಿತ ಮತ್ತು ಶಿಸ್ತು ಮೂರೂ ಬೆರೆತಿವೆ.

ಗಾಳಿಕೋವಿಯ ನೆಂಟ

ಅರಿವಳಿಕೆಯ ಕೋವಿ ಸಾಮಾನ್ಯ ಗಾಳಿಕೋವಿಯ ನೆಂಟ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಕಾಲಿನ್ ಮರ್ಡೋಕ್ ಎಂಬ ಔಷಧ ತಜ್ಞ, ಕಾಡುಪ್ರಾಣಿಗಳನ್ನು ದೂರದಿಂದಲೇ ಮಂಪರಿಗೆ ತರುವ ಇಂತಹ ಕೋವಿಯನ್ನು ರೂಪಿಸಿದ. ಸಿಡಿಮದ್ದಿನ ಬದಲು ಒತ್ತಿ ತುಂಬಿದ ಅನಿಲ ಇದರಲ್ಲಿ ನೂಕುಬಲವಾಗಿ ಕೆಲಸ ಮಾಡುತ್ತದೆ. ಇಂದು ಬಳಕೆಯಲ್ಲಿರುವ ಹಲವು ಮಾದರಿಗಳಲ್ಲಿ ಅದು ಇಂಗಾಲದ ಡೈಆಕ್ಸೈಡ್. ಸೀಸದ ಗುಂಡಿನ ಜಾಗದಲ್ಲಿ ಔಷಧ ತುಂಬಿದ, ಬಾಲಕ್ಕೆ ಕುಚ್ಚು ಕಟ್ಟಿದ ಸಿರಿಂಜ್ ಇರುತ್ತದೆ. ಸೂಜಿಯ ಪಕ್ಕದಲ್ಲಿರುವ ರಂಧ್ರವನ್ನು ಒಂದು ಚಿಕ್ಕ ರಬ್ಬರಿನಂತಹ ತೋಳು ಮುಚ್ಚಿರುತ್ತದೆ. ಸೂಜಿ ಚರ್ಮವನ್ನು ಹೊಕ್ಕಾಗ ಆ ತೋಳು ಹಿಂದಕ್ಕೆ ಸರಿಯುತ್ತದೆ. ಸಿರಿಂಜಿನ ಹಿಂಭಾಗದಲ್ಲಿ ಅದುಮಿಟ್ಟ ಗಾಳಿ ಔಷಧವನ್ನು ಸ್ನಾಯುವಿನೊಳಗೆ ತಳ್ಳುತ್ತದೆ. ಭಾರತದಲ್ಲಿ ಆನೆ, ಹುಲಿಗಳಿಗೆ ಹೆಚ್ಚಾಗಿ ಬಳಸುವುದು ಕ್ಸೈಲಜಿನ್ ಮತ್ತು ಕೆಟಮಿನ್ ಎಂಬ ಎರಡು ಔಷಧಗಳ ಮಿಶ್ರಣವನ್ನು.

ನಳಿಗೆ, ಅನಿಲದ ಒತ್ತಡ, ಮೇಲೆ ಕೂರಿಸಿದ ಸ್ಕೋಪ್ ಈ ಮೂರರ ಸಂಬಂಧ ಮಾತ್ರ ಎರಡೂ ಕೋವಿಗಳಲ್ಲಿ ಒಂದೇ. ಆದುದರಿಂದ ಮೊದಲು ಸರಳವಾದ ಗಾಳಿಕೋವಿಯನ್ನೇ ನೋಡುವುದು ಒಳಿತು.

ಎರಡು ಗೆರೆಗಳ ಕಥೆ

ಕೋವಿ ಹಿಡಿದವನ ಮುಂದೆ ಎರಡು ಗೆರೆಗಳಿವೆ. ಒಂದು, ಕಣ್ಣಿನಿಂದ ಸ್ಕೋಪಿನ ಮೂಲಕ ಗುರಿಯವರೆಗೆ ಹೋಗುವ ನೋಟದ ಗೆರೆ. ಅದು ಬೆಳಕಿನ ದಾರಿ; ನೇರವಾಗಿರುತ್ತದೆ. ಇನ್ನೊಂದು, ನಳಿಗೆಯಿಂದ ಹೊರಟ ಗುಂಡಿನ ದಾರಿ. ಅದು ಎಂದೂ ನೇರವಲ್ಲ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಭೂಮಿ ಗುಂಡನ್ನು ಕೆಳಕ್ಕೆ ಸೆಳೆಯುತ್ತದೆ. ಸ್ಕೋಪ್ ನಳಿಗೆಯ ಮೇಲೆ ಸುಮಾರು 4 ಸೆಂಟಿಮೀಟರ್ ಎತ್ತರದಲ್ಲಿ ಕುಳಿತಿರುವುದರಿಂದ ಈ ಎರಡು ಗೆರೆಗಳು ಹೊರಡುವಾಗಲೇ ಬೇರೆ ಬೇರೆ. ಗುರಿ ಕೂಡಿಸುವುದು ಎಂದರೆ, ಬೇಕಾದ ದೂರದಲ್ಲಿ ಈ ಎರಡು ಗೆರೆಗಳನ್ನು ಒಂದು ಬಿಂದುವಿನಲ್ಲಿ ಸಂಧಿಸುವಂತೆ ಮಾಡುವುದು.

ಅಂಕಿಗಳಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗುಂಡಿನ ವೇಗ ಸೆಕೆಂಡಿಗೆ 170 ಮೀಟರ್ ಎಂದಿಟ್ಟುಕೊಳ್ಳೋಣ; ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಡೋಣ. ಬೀಳುವ ವಸ್ತುವಿನ ಇಳಿತ, ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು. 20 ಮೀಟರ್ ಸಾಗಲು ಗುಂಡಿಗೆ ಸುಮಾರು 0.118 ಸೆಕೆಂಡು ಬೇಕು. ಅಷ್ಟರಲ್ಲಿ ಅದು 6.8 ಸೆಂಟಿಮೀಟರ್ ಇಳಿದಿರುತ್ತದೆ. ಸ್ಕೋಪಿನ ಎತ್ತರದ 4 ಸೆಂಟಿಮೀಟರ್ ಸೇರಿಸಿದರೆ ಒಟ್ಟು 10.8 ಸೆಂಟಿಮೀಟರ್. ಈ ಕೊರತೆಯನ್ನು ತುಂಬುವಷ್ಟು ನಳಿಗೆ ನೋಟದ ಗೆರೆಗಿಂತ ಮೇಲ್ಮುಖವಾಗಿ ಓರೆಯಾಗಿರಬೇಕು. ಹಾಗೆ 20 ಮೀಟರಿಗೆ ಕೂಡಿಸಿದ ಕೋವಿಯಲ್ಲಿ, ಲೆಕ್ಕದ ಪ್ರಕಾರ, ಗುಂಡು 10 ಮೀಟರಿನಲ್ಲಿ ಸುಮಾರು 3 ಮಿಲಿಮೀಟರ್ ಕೆಳಗೆ, 15 ಮೀಟರಿನಲ್ಲಿ ಸುಮಾರು 3 ಮಿಲಿಮೀಟರ್ ಮೇಲೆ, 30 ಮೀಟರಿನಲ್ಲಿ 3 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 40 ಮೀಟರಿನಲ್ಲಿ ಅದು 9 ಸೆಂಟಿಮೀಟರಿಗೂ ಹೆಚ್ಚು ಕೆಳಗೆ. ಗುಂಡಿನ ದಾರಿ ನೋಟದ ಗೆರೆಯನ್ನು ಎರಡು ಬಾರಿ ದಾಟುತ್ತದೆ: ಒಮ್ಮೆ ಮೇಲೇರುವಾಗ, ಇನ್ನೊಮ್ಮೆ ಇಳಿಯುವಾಗ. "ಕೋವಿ ಸರಿಯಾಗಿ ಕೂಡಿದೆ" ಎಂಬ ಮಾತಿಗೆ "ಯಾವ ದೂರಕ್ಕೆ" ಎಂಬ ಮಾತು ಸೇರದೆ ಅರ್ಥವಿಲ್ಲ.

ಕೂರಿಸುವಾಗಿನ ಎಚ್ಚರ

ಹೆಚ್ಚಿನ ತಪ್ಪುಗಳು ಮೊದಲ ಗುಂಡು ಹಾರುವುದಕ್ಕೂ ಮುನ್ನವೇ ಆಗಿಹೋಗಿರುತ್ತವೆ. ನಳಿಗೆಯ ಮೇಲಿನ ಗಾಡಿಯಲ್ಲಿ ಎಣ್ಣೆ, ಧೂಳು ಉಳಿದಿದ್ದರೆ ಹಿಡಿಗಳು ಜಾರುತ್ತವೆ. ತಿರುಪುಗಳಲ್ಲಿ ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸ್ಕೋಪಿನ ಕೊಳವೆ ಸೊಟ್ಟಗಾಗುತ್ತದೆ. ಗಾಡಿಯ ಚಕ್ರಕ್ಕೆ ನಟ್ಟು ಬಿಗಿಯುವವರು ಎದುರೆದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುವಂತೆ ಇಲ್ಲಿಯೂ ಸರದಿಯಂತೆ ಬಿಗಿಯಬೇಕು. ಅತಿಯಾದ ಬಿಗಿತವೂ ಕೇಡೇ. ತೆಳ್ಳಗಿನ ಕೊಳವೆ ಅದುಮಿ ಹೋದರೆ ಒಳಗಿನ ಮಸೂರಗಳ ನಡೆ ಕೆಡುತ್ತದೆ.

ಸ್ಪ್ರಿಂಗಿನ ಬಲದಿಂದ ನಡೆಯುವ ಗಾಳಿಕೋವಿಗೆ ಒಂದು ವಿಚಿತ್ರ ಗುಣವಿದೆ. ಕುದುರೆ ಎಳೆದಾಗ ಅದು ಮೊದಲು ಹಿಂದಕ್ಕೆ ಒದೆಯುತ್ತದೆ. ಕೊಂತ ನಳಿಗೆಯ ಬುಡಕ್ಕೆ ಬಂದು ನಿಂತಾಗ ಮುಂದಕ್ಕೂ ಜಗ್ಗುತ್ತದೆ. ಮದ್ದಿನ ಬಂದೂಕಿಗೆಂದೇ ಮಾಡಿದ ಸ್ಕೋಪ್ ಹಿಂದೊದೆತವನ್ನು ಮಾತ್ರ ತಾಳಬಲ್ಲದು. ಈ ಎರಡು ಕಡೆಯ ಜಗ್ಗಾಟಕ್ಕೆ ಅದರ ಒಳಗಿನ ಗೆರೆಗಳು ಸಡಿಲವಾಗುವುದುಂಟು. ಗಾಳಿಕೋವಿಗೆಂದೇ ತಯಾರಾದ ಸ್ಕೋಪನ್ನು ಬಳಸಬೇಕೆನ್ನುವುದು ಇದೇ ಕಾರಣಕ್ಕೆ. ಸ್ಕೋಪಿನ ಹಿಂಗಾಜು ಕಣ್ಣಿನಿಂದ ಸುಮಾರು 8ರಿಂದ 9 ಸೆಂಟಿಮೀಟರ್ ದೂರದಲ್ಲಿರಬೇಕು. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಹಿಡಿಯ ಮೇಲಿಟ್ಟು ಕಣ್ಣು ತೆರೆದಾಗ, ಕತ್ತನ್ನು ಅಲುಗಿಸದೆಯೇ ಪೂರ್ಣ ವೃತ್ತ ಕಾಣಿಸಿದರೆ ದೂರ ಸರಿಯಾಗಿದೆ ಎಂದು ತಿಳಿಯಬಹುದು.

ಮುಂದಿನದು ಓರೆಯ ವಿಚಾರ. ಸ್ಕೋಪಿನೊಳಗೆ ಸಂಕಲನದ ಚಿಹ್ನೆಯಂತೆ ಒಂದು ಅಡ್ಡಗೆರೆ, ಒಂದು ಲಂಬಗೆರೆ ಕಾಣುತ್ತವೆ. ಕೋವಿಯನ್ನು ನೆಟ್ಟಗೆ ಹಿಡಿದಾಗ ಆ ಲಂಬಗೆರೆ ನಿಜವಾಗಿಯೂ ಲಂಬವಾಗಿರಬೇಕು. ಗಾರೆಯವರು ಗೋಡೆ ಕಟ್ಟುವಾಗ ಬಳಸುವ ತೂಗುಗುಂಡಿನ ದಾರವನ್ನು ಹತ್ತಾರು ಮೀಟರ್ ದೂರದಲ್ಲಿ ಇಳಿಬಿಟ್ಟು, ಲಂಬಗೆರೆಯನ್ನು ಆ ದಾರದೊಡನೆ ಹೊಂದಿಸಿದರೆ ಸಾಕು. ಇಷ್ಟು ಸಣ್ಣ ಓರೆಯಿಂದ ಏನಾದೀತು ಎಂದು ಕಡೆಗಣಿಸುವಂತಿಲ್ಲ. ಓರೆಯಾದ ಕೋವಿಯಲ್ಲಿ ಇಳಿತವನ್ನು ತುಂಬಲು ಕೊಟ್ಟ ಏರು ಪೂರ್ತಿ ಮೇಲಕ್ಕೆ ಹೋಗದೆ ಅದರ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ಹತ್ತಿರದ ಗುರಿಗೆ ಈ ದೋಷ ಕಾಣದು. ದೂರ ಹೆಚ್ಚಿದಂತೆ ಅದು ಬೆಳೆಯುತ್ತ ಹೋಗುತ್ತದೆ.

ಮೂರನೆಯದು ಪ್ಯಾರಲಾಕ್ಸ್, ಅಂದರೆ ನೋಟದ ಪಲ್ಲಟ. ಕೈಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಮುಚ್ಚಿ ನೋಡಿದರೆ ಹಿಂದಿನ ಗೋಡೆಯ ಮೇಲೆ ಬೆರಳು ಜಾಗ ಬದಲಿಸಿದಂತೆ ತೋರುತ್ತದೆ. ಬೆರಳು ಎಲ್ಲಿಗೂ ಹೋಗಿಲ್ಲ. ಕಣ್ಣಿನ ಸ್ಥಾನ ಮಾತ್ರ ಬದಲಾಗಿದೆ. ಸ್ಕೋಪಿನೊಳಗೂ ಹೀಗೆಯೇ. ಗುರಿಯ ಬಿಂಬ ಮತ್ತು ಗೆರೆಗಳು ಒಂದೇ ಸಮತಲದಲ್ಲಿ ಕೂಡದಿದ್ದರೆ, ಕಣ್ಣು ಕೊಂಚ ಅಲುಗಿದರೂ ಗೆರೆಗಳು ಗುರಿಯ ಮೇಲೆ ತೇಲಾಡುತ್ತವೆ. ಮದ್ದಿನ ಬಂದೂಕಿನ ಸ್ಕೋಪುಗಳಲ್ಲಿ ಈ ಹೊಂದಿಕೆ ಸುಮಾರು 90 ಮೀಟರಿಗೆ ನಿಗದಿಯಾಗಿರುವುದು ಸಾಮಾನ್ಯ. 10 ಮೀಟರಿನ ಗುರಿಗೆ ಅದು ಒಗ್ಗುವುದಿಲ್ಲ. ಹೊಂದಿಸುವ ಉಂಗುರವಿರುವ ಸ್ಕೋಪಾದರೆ ಗುರಿಯ ದೂರಕ್ಕೆ ತಿರುಗಿಸಬೇಕು. ಇಲ್ಲವಾದರೆ ಪ್ರತಿ ಬಾರಿಯೂ ಕೆನ್ನೆಯನ್ನು ಅದೇ ಜಾಗದಲ್ಲಿಡುವ ಅಭ್ಯಾಸವೊಂದೇ ಮಾರ್ಗ.

ಮೊದಲು ಗುಂಪು, ಆಮೇಲೆ ಕೇಂದ್ರ

ಹೊಸದಾಗಿ ಕಲಿಯುವವರ ಆತುರ ಎಲ್ಲೆಲ್ಲೂ ಒಂದೇ ಬಗೆಯದು. ಒಂದು ಗುಂಡು ಎಡಕ್ಕೆ ಬಿದ್ದರೆ ತಿರುಪನ್ನು ಬಲಕ್ಕೆ ತಿರುಗಿಸುತ್ತಾರೆ. ಮುಂದಿನದು ಬಲಕ್ಕೆ ಬಿದ್ದರೆ ಮತ್ತೆ ಎಡಕ್ಕೆ. ಹತ್ತು ಗುಂಡು ಮುಗಿಯುವಷ್ಟರಲ್ಲಿ ಕೋವಿ ಎಲ್ಲಿತ್ತು, ಎಲ್ಲಿಗೆ ಬಂದಿತು ಎಂಬುದೇ ತಿಳಿಯದಾಗುತ್ತದೆ. ಬಲ್ಲವರು ಹೀಗೆ ಮಾಡುವುದಿಲ್ಲ. ಮರಳು ತುಂಬಿದ ಚೀಲದ ಮೇಲೆ ಕೋವಿಯನ್ನೊರಗಿಸಿ, ಸ್ಕೋಪನ್ನು ಮುಟ್ಟದೆ, ಒಂದೇ ಬಿಂದುವನ್ನು ನೋಡುತ್ತ ಐದು ಗುಂಡು ಹಾರಿಸುತ್ತಾರೆ. ಆ ಐದು ತೂತುಗಳು ಎಲ್ಲಿ ಬಿದ್ದಿವೆ ಎಂಬುದು ಆಗ ಮುಖ್ಯವಲ್ಲ. ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂಬುದೇ ಮುಖ್ಯ.

ಪ್ರಯೋಗಶಾಲೆಯ ಪಾಠದಲ್ಲಿ ಬರುವ ಎರಡು ಮಾತುಗಳ ವ್ಯತ್ಯಾಸ ಇಲ್ಲಿದೆ. ಅಳತೆಗಳು ಒಂದಕ್ಕೊಂದು ಹತ್ತಿರವಿರುವುದು ನಿಖರತೆ. ಅಳತೆ ನಿಜವಾದ ಬೆಲೆಗೆ ಹತ್ತಿರವಿರುವುದು ಯಥಾರ್ಥತೆ. ಕೇಂದ್ರದಿಂದ ಒಂದು ಗೇಣು ದೂರದಲ್ಲಿ, ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಐದೂ ತೂತುಗಳು ಕೂಡಿ ಬಿದ್ದಿದ್ದರೆ ಅದು ಒಳ್ಳೆಯ ಸುದ್ದಿ; ತಿರುಪು ತಿರುಗಿಸಿದರೆ ಇಡೀ ಗುಂಪು ಕೇಂದ್ರಕ್ಕೆ ಬರುತ್ತದೆ. ಕೇಂದ್ರದ ಸುತ್ತಲೂ ತಟ್ಟೆಯಗಲ ಚದುರಿ ಬಿದ್ದಿದ್ದರೆ, ಒಂದು ಗುಂಡು ನಡುವಿಗೇ ತಾಗಿದ್ದರೂ ಅದು ಆಕಸ್ಮಿಕ. ಆಗ ತಪ್ಪನ್ನು ತಿರುಪಿನಲ್ಲಿ ಹುಡುಕದೆ ಸಡಿಲ ಹಿಡಿಗಳಲ್ಲಿ, ಗುಂಡಿನ ಜಾತಿಯಲ್ಲಿ, ಕೈಯ ಹಿಡಿತದಲ್ಲಿ ಹುಡುಕಬೇಕು. ಸ್ಪ್ರಿಂಗಿನ ಕೋವಿಯನ್ನು ಅದುಮಿ ಹಿಡಿದರೆ ಗುಂಪು ಚದುರುತ್ತದೆ. ಅಂಗೈಯ ಮೇಲೆ ಹಗುರವಾಗಿ ಕೂರಿಸಿ, ಅದು ತನ್ನಷ್ಟಕ್ಕೆ ಒದೆಯಲು ಬಿಟ್ಟರೆ ಗುಂಪು ಕೂಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಗುಂಪು ಕೂಡಿದ ಬಳಿಕದ ಕೆಲಸ ಲೆಕ್ಕದ್ದು. ಸ್ಕೋಪಿನ ಮೇಲೆ ಒಂದು, ಪಕ್ಕದಲ್ಲಿ ಒಂದು ತಿರುಗುಗುಂಡಿಗಳಿರುತ್ತವೆ; ಮೇಲಿನದು ಏರಿಳಿತಕ್ಕೆ, ಪಕ್ಕದ್ದು ಎಡಬಲಕ್ಕೆ. ತಿರುಗಿಸಿದಾಗ ಕೇಳುವ ಪ್ರತಿಯೊಂದು 'ಟಿಕ್' ಸದ್ದೂ ಸಾಮಾನ್ಯವಾಗಿ ಕೋನದ ಕಾಲು ಮಿನಿಟಿಗೆ ಸಮ. ಒಂದು ಡಿಗ್ರಿಯ 60ನೆಯ ಒಂದು ಭಾಗವೇ ಒಂದು ಮಿನಿಟು. 100 ಮೀಟರಿನಲ್ಲಿ ಒಂದು ಮಿನಿಟು ಸುಮಾರು 29 ಮಿಲಿಮೀಟರಿನಷ್ಟು ಅಗಲವಾದರೆ, 20 ಮೀಟರಿನಲ್ಲಿ ಅದು 5.8 ಮಿಲಿಮೀಟರ್, ಅದರ ಕಾಲು ಭಾಗ 1.45 ಮಿಲಿಮೀಟರ್. 20 ಮೀಟರಿನಲ್ಲಿ ಗುಂಪು ಕೇಂದ್ರದಿಂದ 3 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ 30ನ್ನು 1.45ರಿಂದ ಭಾಗಿಸಿ, ಮೇಲ್ಮುಖ ಬಾಣದ ದಿಕ್ಕಿಗೆ 21 ಸಲ ತಿರುಗಿಸಬೇಕು. ಮತ್ತೆ ಐದು ಗುಂಡು ಹಾರಿಸಿ, ಗುಂಪಿನ ನಡುವನ್ನು ಅಳೆದು, ಉಳಿದ ಕೊರತೆಯನ್ನು ಸರಿಪಡಿಸಬೇಕು. ಮೂರನೆಯ ಸುತ್ತಿಗೆ ಕೆಲಸ ಮುಗಿಯುತ್ತದೆ. ಕೊನೆಗೆ ದೂರ, ಗುಂಡಿನ ತೂಕ, ಅಂದಿನ ಹವೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಈ ವಿದ್ಯೆಯ ಅರ್ಧ ಭಾಗ.

ಕಾಡಿನ ಲೆಕ್ಕ ಕಠಿಣ

ಈಗ ಗುಂಡಿನ ಬದಲು ಡಾರ್ಟನ್ನು ಇಟ್ಟು ನೋಡಿದರೆ ಅಂಕಿಗಳೆಲ್ಲ ಒಮ್ಮೆಗೇ ದೊಡ್ಡದಾಗುತ್ತವೆ. ಡಾರ್ಟ್ ಭಾರವಾದದ್ದು, ನಿಧಾನವಾದದ್ದು, ನಿಧಾನವಾಗಿಯೇ ಇರಬೇಕು. ವೇಗ ಅತಿಯಾದರೆ ಅದು ಗುಂಡಿನಂತೆಯೇ ಸ್ನಾಯುವನ್ನು ಜಜ್ಜುತ್ತದೆ, ಎಲುಬನ್ನೂ ಮುರಿಯಬಹುದು. ವೇಗ ಸಾಲದಿದ್ದರೆ ದಪ್ಪ ಚರ್ಮದಲ್ಲಿ ಸೂಜಿ ಇಳಿಯದೆ ಡಾರ್ಟ್ ಉದುರಿ ಬೀಳುತ್ತದೆ. ವೇಗ ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಂಡರೆ, 20 ಮೀಟರ್ ದೂರಕ್ಕೆ ಡಾರ್ಟಿನ ಇಳಿತ ಸುಮಾರು 54 ಸೆಂಟಿಮೀಟರ್. 30 ಮೀಟರಿಗೆ 1.22 ಮೀಟರ್. 20 ಮೀಟರಿಗೆ ಕೂಡಿಸಿದ ಕೋವಿಯನ್ನು 30 ಮೀಟರ್ ದೂರದ ಪ್ರಾಣಿಗೆ ಹಿಡಿದರೆ ಸೂಜಿ ಸುಮಾರು 40 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹುಲಿಯ ಹಿಂದೊಡೆಗೆ ಇಟ್ಟ ಗುರಿ ಹುಲ್ಲಿಗೆ ಹೋಗುತ್ತದೆ. ಆನೆಯ ತೊಡೆಗೆ ಇಟ್ಟ ಗುರಿ ಮೊಣಕಾಲಿನತ್ತ ಇಳಿಯುತ್ತದೆ. ಕೋವಿ ಕೇವಲ 5 ಡಿಗ್ರಿ ಓರೆಯಾಗಿದ್ದರೂ 30 ಮೀಟರಿನಲ್ಲಿ ಡಾರ್ಟ್ ಸುಮಾರು 10 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ.

ಆದುದರಿಂದ ಅರಿವಳಿಕೆಯ ಕೋವಿಯಲ್ಲಿ ಕ್ರಮವೇ ಬೇರೆ. ಸ್ಕೋಪನ್ನು ಒಮ್ಮೆ ಕೂಡಿಸಿ ಹಾಗೆಯೇ ಬಿಡುತ್ತಾರೆ. ದೂರ ಬದಲಾದಂತೆ ಅನಿಲದ ಒತ್ತಡವನ್ನು ಬದಲಿಸುತ್ತಾರೆ. ಕೋವಿಯ ಮೇಲೆಯೇ ಒತ್ತಡಮಾಪಕವಿರುತ್ತದೆ. ಇಷ್ಟು ದೂರಕ್ಕೆ, ಇಷ್ಟು ತೂಕದ ಡಾರ್ಟಿಗೆ, ಇಷ್ಟು ಒತ್ತಡ ಎಂಬ ಪಟ್ಟಿಯೊಂದಿರುತ್ತದೆ. ತಯಾರಕರು ಕೊಟ್ಟ ಪಟ್ಟಿಯನ್ನೇ ನಂಬಿ ಕೂರದೆ, ತಮ್ಮ ಕೋವಿಯಲ್ಲಿ ನೀರು ತುಂಬಿದ ಡಾರ್ಟುಗಳನ್ನು ಹಾರಿಸಿ ತಮ್ಮದೇ ಪಟ್ಟಿಯನ್ನು ಮಾಡಿಕೊಳ್ಳುವುದು ಜಾಣತನ. ದೂರವನ್ನು ಕಣ್ಣಂದಾಜಿಗೆ ಬಿಡದೆ ಲೇಸರ್ ಮಾಪಕದಿಂದ ಅಳೆಯುವುದೂ ಇದೇ ಕಾರಣಕ್ಕೆ. ಲಂಟಾನ ಪೊದೆಗಳ ನಡುವೆ, ಮಬ್ಬು ಬೆಳಕಿನಲ್ಲಿ, 20 ಮೀಟರಿಗೂ 30 ಮೀಟರಿಗೂ ಇರುವ ವ್ಯತ್ಯಾಸವನ್ನು ಅನುಭವಸ್ಥರ ಕಣ್ಣೂ ತಪ್ಪಾಗಿ ಎಣಿಸಬಹುದು.

ನೀಲಗಿರಿಯ ಏರಿಳಿತವೇ ಇಲ್ಲಿ ಇನ್ನೊಂದು ಪಾಠ ಹೇಳುತ್ತದೆ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ; ಮಸಿನಗುಡಿ, ಗೂಡಲೂರುಗಳು ಸುಮಾರು ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ದ್ರವರೂಪದ ಇಂಗಾಲದ ಡೈಆಕ್ಸೈಡ್ ತುಂಬಿದ ಬುಡ್ಡಿಯೊಳಗಿನ ಒತ್ತಡ ಉಷ್ಣತೆಯೊಡನೆ ಏರಿಳಿಯುತ್ತದೆ: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 72 ಬಾರ್, 20 ಡಿಗ್ರಿಯಲ್ಲಿ 57, 10 ಡಿಗ್ರಿಯಲ್ಲಿ 45, ಸೊನ್ನೆಯಲ್ಲಿ 35. ಒತ್ತಡ ನಿಯಂತ್ರಕವಿಲ್ಲದ ಅನಿಲದ ಕೋವಿಯನ್ನು ಮಸಿನಗುಡಿಯ ಬಿಸಿಲು ಮಧ್ಯಾಹ್ನದಲ್ಲಿ ಕೂಡಿಸಿ, ಊಟಿಯಲ್ಲಿ ಹಿಮ ಬೀಳುವ ಜನವರಿಯ ಬೆಳಗಿನಲ್ಲಿ ಹಾರಿಸಿದರೆ ಗುಂಡು ತೀರಾ ಕೆಳಗೆ ಬೀಳುತ್ತದೆ. ನಿಯಂತ್ರಕವಿರುವ ಕೋವಿಯಲ್ಲಿ ಈ ದೋಷ ಕಡಿಮೆ. ಆದರೂ ಹೊರಡುವ ಮುನ್ನ ಅದೇ ಜಾಗದಲ್ಲಿ, ಅದೇ ಹವೆಯಲ್ಲಿ ಒಂದೆರಡು ಪರೀಕ್ಷೆಯ ಡಾರ್ಟುಗಳನ್ನು ಹಾರಿಸಿ ನೋಡುವುದಕ್ಕೆ ಬದಲಿಲ್ಲ. ಊಟಿಯ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಐದನೆಯ ಒಂದು ಭಾಗದಷ್ಟು ಕಡಿಮೆ ಎಂಬುದನ್ನೂ ಇದರೊಡನೆ ನೆನೆಯಬೇಕು. ಅಲ್ಲಿ ಗಾಳಿಯ ತಡೆಯೂ ಅಷ್ಟು ಕಡಿಮೆ.

ಪ್ರಾಣದ ಬೆಲೆ

ಕಾಗದದ ಮೇಲೆ ತಪ್ಪಿದ ಗುಂಡಿಗೆ ಒಂದೆರಡು ಅಂಕ ಹೋಗುತ್ತದೆ. ಕಾಡಿನಲ್ಲಿ ತಪ್ಪಿದ ಡಾರ್ಟಿನ ಬೆಲೆ ಹಾಗಲ್ಲ. ಅರಿವಳಿಕೆಯನ್ನು ಹಿಂದೊಡೆಯ ಅಥವಾ ಹೆಗಲಿನ ದಪ್ಪ ಸ್ನಾಯುವಿಗೆ ಕೊಡಬೇಕು. ಹೊಟ್ಟೆ, ಎದೆ, ತಲೆ ನಿಷಿದ್ಧ. ಕೊಬ್ಬಿನಲ್ಲಿ ಸೇರಿದ ಔಷಧ ನಿಧಾನವಾಗಿ ಏರುತ್ತದೆ. ಅಷ್ಟರಲ್ಲಿ ಪ್ರಾಣಿ ಕಂದಕಕ್ಕೋ ನೀರಿಗೋ ಊರಿಗೋ ಓಡಬಹುದು. ಸರಿಯಾದ ಜಾಗಕ್ಕೆ ತಾಗಿದರೂ ಔಷಧ ಹತ್ತಲು ನಿಮಿಷಗಳು ಬೇಕು. ಚಲನಚಿತ್ರಗಳಲ್ಲಿ ಕಾಣುವಂತೆ ಪ್ರಾಣಿ ನಿಂತಲ್ಲಿಯೇ ಕುಸಿಯುವುದಿಲ್ಲ. ಆ ನಿಮಿಷಗಳೇ ಅಪಾಯದ ನಿಮಿಷಗಳು.

ಈ ಮಾತಿಗೆ ಕನ್ನಡ ನಾಡಿನಲ್ಲೊಂದು ದುಃಖದ ಸಾಕ್ಷಿಯಿದೆ. ಕಾಡಾನೆಗಳಿಗೆ ಅರಿವಳಿಕೆ ಹಾರಿಸುವುದರಲ್ಲಿ ಹೆಸರಾಗಿ, 'ಆನೆ ವೆಂಕಟೇಶ್' ಎಂದೇ ಕರೆಸಿಕೊಂಡಿದ್ದ ಎಚ್.ಎಚ್. ವೆಂಕಟೇಶ್, 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಭೀಮ ಎಂಬ ಗಾಯಗೊಂಡ ಸಲಗಕ್ಕೆ ಚಿಕಿತ್ಸೆ ಕೊಡಿಸಲೆಂದು ಡಾರ್ಟ್ ಹಾರಿಸುವಾಗ ಅದೇ ಆನೆಯ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಗುರಿಯಲ್ಲಿ ಪಳಗಿದ ಕೈಗೂ ಕಾಡು ಯಾವ ಭರವಸೆಯನ್ನೂ ಕೊಡುವುದಿಲ್ಲ. ಮಸಿನಗುಡಿಯ ಜನ ಮರೆಯದ ಇನ್ನೊಂದು ಘಟನೆ 2021ರ ಜನವರಿಯದು. ಬೆನ್ನಿನ ಮೇಲೆ ಆಳವಾದ ಗಾಯವಿದ್ದ, ಕಿವಿ ಹರಿದಿದ್ದ ಗಂಡಾನೆಯೊಂದಕ್ಕೆ ಅರಿವಳಿಕೆ ಕೊಟ್ಟು ತೆಪ್ಪಕಾಡಿನ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿಯೇ ಅದು ಸತ್ತಿತು. ಆ ಆನೆಯ ಮೇಲೆ ಉರಿಯುವ ಟೈರನ್ನು ಎಸೆದ ದೃಶ್ಯ ಆಮೇಲೆ ಹೊರಬಂದಿತು. ಡಾರ್ಟ್ ಸರಿಯಾದ ಜಾಗಕ್ಕೆ ತಾಗಿದ ಮಾತ್ರಕ್ಕೆ, ಮನುಷ್ಯರು ಮೊದಲೇ ಮಾಡಿದ ಗಾಯ ವಾಸಿಯಾಗುವುದಿಲ್ಲ.

ಪಂದಲೂರು, ಗೂಡಲೂರು ಕಡೆಯಲ್ಲಿ ಅಕ್ಕಿಯ ಆಸೆಗೆ ಮನೆಗಳನ್ನು ಒಡೆಯುತ್ತಿದ್ದ ಮಕ್ನಾ ಆನೆಯನ್ನು 2022ರ ಡಿಸೆಂಬರಿನಲ್ಲಿ ಅರಿವಳಿಕೆ ಕೊಟ್ಟು ಹಿಡಿದು, ರೇಡಿಯೋ ಪಟ್ಟಿ ಕಟ್ಟಿ ಮುದುಮಲೆಯ ಕಾಡಿಗೆ ಬಿಡಲಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದು ಗಡಿ ದಾಟಿ ಕೇರಳದ ಸುಲ್ತಾನ್ ಬತ್ತೇರಿ ಪೇಟೆಯಲ್ಲಿ ಕಾಣಿಸಿಕೊಂಡು, ಅಲ್ಲಿ ಎರಡನೆಯ ಬಾರಿ ಸೆರೆಯಾಯಿತು. ಕೋವಿಯ ಗುರಿ ಕೂಡಿದರೂ ಕಾಡು ಮತ್ತು ಊರಿನ ನಡುವಿನ ಬಾಳ್ವೆ ಕೂಡದೆ ಹೋದರೆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕ್ರೀಡೆಯ ಗಾಳಿಕೋವಿ

ಇದೇ ಹೊಂದಿಕೆಯ ವಿದ್ಯೆ ಕ್ರೀಡೆಯಲ್ಲಿ ಭಾರತಕ್ಕೆ ದೊಡ್ಡ ಗೌರವವನ್ನು ತಂದಿದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಒಟ್ಟು 700.5 ಅಂಕ ಪಡೆದು, ವೈಯಕ್ತಿಕ ವಿಭಾಗದಲ್ಲಿ ದೇಶದ ಮೊದಲ ಚಿನ್ನವನ್ನು ಗೆದ್ದರು. ಈ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ; ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯಬೇಕು. ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಗುಂಡಿನ ಅಗಲ 4.5 ಮಿಲಿಮೀಟರ್. ಅರ್ಹತಾ ಸುತ್ತು ಮುಗಿದು ಅಂತಿಮ ಸುತ್ತಿಗೆ ಮುನ್ನ ಪರೀಕ್ಷೆಗೆಂದು ಹಾರಿಸಿದ ಗುಂಡು ಕೇಂದ್ರದಿಂದ ಬಹಳ ದೂರ ಬಿದ್ದಿತೆಂದೂ, ಕೋವಿಯ ಗುರಿಸಾಧನದ ಹೊಂದಿಕೆ ಬದಲಾಗಿತ್ತೆಂದೂ ಬಿಂದ್ರಾ ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಉಳಿದ ಕೆಲವೇ ನಿಮಿಷಗಳಲ್ಲಿ ಅದನ್ನು ಮತ್ತೆ ಕೂಡಿಸಿಕೊಂಡರು. ಕೊನೆಯ ಗುಂಡಿಗೆ 10.8 ಅಂಕ ಬಂದಿತು. ಕೆಟ್ಟ ಹೊಂದಿಕೆಯನ್ನು ಗಾಬರಿಯಿಲ್ಲದೆ ಗುರುತಿಸಿ, ಎಷ್ಟು ಸರಿಸಬೇಕೆಂದು ಲೆಕ್ಕ ಹಾಕಿ ಸರಿಪಡಿಸಿದ್ದು ಆ ಗೆಲುವಿನ ಅರ್ಧ ಭಾಗ.

ಮನೆಯ ಮಕ್ಕಳು ಈ ಕ್ರೀಡೆಯತ್ತ ಆಸಕ್ತಿ ತೋರಿಸಿದರೆ ತಂದೆತಾಯಿಯರು ಕೆಲವು ಮಾತುಗಳನ್ನು ಮೊದಲೇ ಖಚಿತಪಡಿಸಬೇಕು. ಗಾಳಿಕೋವಿ ಆಟಿಕೆಯಲ್ಲ, ಅದರ ಗುಂಡು ಕಣ್ಣನ್ನು ಕಳೆಯಬಲ್ಲದು. ತರಬೇತುದಾರರ ಎದುರಿನಲ್ಲಿ, ಗುಂಡು ತಡೆಯುವ ಹಿನ್ನೆಲೆಯಿರುವ ಅಂಗಳದಲ್ಲಿ, ಕಣ್ಣಿಗೆ ರಕ್ಷಣೆ ಹಾಕಿಕೊಂಡು ಮಾತ್ರ ಅಭ್ಯಾಸ ಮಾಡಬೇಕು. ಕೋವಿ ಖಾಲಿಯಿದೆಯೆಂದು ಯಾರು ಹೇಳಿದರೂ ಅದು ತುಂಬಿದೆಯೆಂದೇ ಭಾವಿಸಿ, ಮೂತಿಯನ್ನು ಯಾರ ಕಡೆಗೂ ತಿರುಗಿಸಬಾರದು. ಮರದ ಮೇಲಿನ ಹಕ್ಕಿಯಾಗಲಿ, ಬೇಲಿಯ ಮೇಲಿನ ಅಳಿಲಾಗಲಿ ಗುರಿಯಲ್ಲ. ಬೇಟೆಯಿಂದ ಬರಿದಾಗುತ್ತಿದ್ದ ಇಲ್ಲಿನ ಕಾಡುಗಳಿಗೆ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ 1879ರಲ್ಲಿಯೇ ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿ, ಹಕ್ಕಿಗಳ ಬೇಟೆ ಅಪರಾಧ. ಗಾಳಿಕೋವಿಯಿಂದ ಹೊಡೆದರೂ ಅದು ಬೇಟೆಯೇ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳು ಬರಿದಾಗುತ್ತಿರುವುದನ್ನು ಕಂಡು, 2021ರಲ್ಲಿ ಗಾಳಿಕೋವಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನವೇ ನಡೆಯಿತು.

ಹಾರಿಸದ ಡಾರ್ಟ್

ಹೊಂದಿಕೆಯ ವಿದ್ಯೆ ಬಲ್ಲವರಿಗೆ ಇನ್ನೊಂದು ವಿವೇಕವೂ ತಿಳಿದಿರುತ್ತದೆ: ಯಾವಾಗ ಹಾರಿಸಬಾರದು ಎಂಬುದು. ಪ್ರಾಣಿ ಅಲುಗುತ್ತಿದ್ದರೆ, ದೂರ ಖಚಿತವಿಲ್ಲದಿದ್ದರೆ, ನಡುವೆ ಕೊಂಬೆಯಿದ್ದರೆ, ಬೆಳಕು ಸಾಲದಿದ್ದರೆ ಬೆರಳು ಕುದುರೆಯಿಂದ ಆಚೆಗಿರಬೇಕು. ಮಸಿನಗುಡಿಯ ಬಳಿಯ ವಾಳೈತೋಟ್ಟದ ಸುತ್ತ ಮನೆಗಳ ಹತ್ತಿರ ಸುಳಿದಾಡುತ್ತಿದ್ದ, ಸೊಂಡಿಲಿಗೆ ಗಾಯವಾಗಿದ್ದ ರಿವಾಲ್ಡೋ ಎಂಬ ಸಲಗವನ್ನು 2021ರ ಮೇ ತಿಂಗಳಲ್ಲಿ ಹಿಡಿದಾಗ ಡಾರ್ಟ್ ಹಾರಲೇ ಇಲ್ಲ. ಹಣ್ಣುಗಳ ಆಸೆ ತೋರಿಸಿ, ದಿನಗಟ್ಟಲೆ ಕಾದು, ಮರದ ದಿಮ್ಮಿಗಳ ದೊಡ್ಡಿಯೊಳಕ್ಕೆ ಅದು ತಾನಾಗಿಯೇ ನಡೆದು ಬರುವಂತೆ ಮಾಡಲಾಯಿತು. ಆಗಸ್ಟಿನಲ್ಲಿ ದೂರದ ಕಾಡಿಗೆ ಬಿಟ್ಟಾಗ ಒಂದೆರಡು ದಿನಗಳಲ್ಲಿಯೇ ತನ್ನ ಹಳೆಯ ಜಾಗಕ್ಕೆ ಮರಳಿತು ಎಂಬುದು ಬೇರೆ ಮಾತು. ಆನೆಯ ಗುಣ ಬಲ್ಲವರು ಕಾಯಲು ಸಿದ್ಧರಿದ್ದುದರಿಂದ ಆ ದಿನ ಅಪಾಯದ ನಿಮಿಷಗಳೇ ಬರಲಿಲ್ಲ. ಕೋವಿ ಕೂಡಿಸುವುದಕ್ಕೆ ಬೇಕಾದದ್ದೂ ಇದೇ ತಾಳ್ಮೆ.

ಲೆಕ್ಕ ಮಾಡಿ ನೋಡಿ

ಒಂದು: ಡಾರ್ಟಿನ ವೇಗ ಸೆಕೆಂಡಿಗೆ 50 ಮೀಟರ್; ಆನೆ 25 ಮೀಟರ್ ದೂರದಲ್ಲಿದೆ. ಗಾಳಿಯ ತಡೆಯನ್ನು ಬಿಟ್ಟರೆ ಡಾರ್ಟಿನ ಇಳಿತ ಎಷ್ಟು? ಎರಡು: 15 ಮೀಟರಿನಲ್ಲಿ ಐದು ಗುಂಡುಗಳ ಗುಂಪು ಕೇಂದ್ರದಿಂದ 22 ಮಿಲಿಮೀಟರ್ ಬಲಕ್ಕೆ ಬಿದ್ದಿದೆ. ಕಾಲು ಮಿನಿಟಿನ ಸ್ಕೋಪನ್ನು ಯಾವ ಕಡೆಗೆ, ಎಷ್ಟು 'ಟಿಕ್' ತಿರುಗಿಸಬೇಕು? ಉತ್ತರ ನೋಡುವ ಮುನ್ನ ಕಾಗದದ ಮೇಲೆ ಎರಡು ಗೆರೆಗಳ ಚಿತ್ರವನ್ನು ಬರೆದುಕೊಂಡರೆ ಲೆಕ್ಕ ಸುಲಭವಾಗುತ್ತದೆ.

ಉತ್ತರ: ಒಂದು, ಸುಮಾರು 1.22 ಮೀಟರ್. ಎರಡು, ಎಡಕ್ಕೆ 20.